ಹೊಸ ಪ್ಲಗ್ ಹಾಕಿದರೂ ಮತ್ತೆ ಮಸಿ ಏಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ಎಂಜಿನ್‌ಗಳ ಬಗ್ಗೆ ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಸ್ಪಾರ್ಕ್ ಪ್ಲಗ್ಗನ್ನೇ ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಆರಕ್ಕೆ ಇಲ್ಲಿ ಉತ್ತರಿಸಲಾಗಿದೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಉದ್ದೇಶಪೂರ್ವಕ. ಉಳಿದ ಉತ್ತರಗಳು ಅದನ್ನೇ ಆಧರಿಸಿವೆ.

ಪ್ರಶ್ನೆ: ನಾನು ಒಂದು ಸಣ್ಣ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಕರೆಂಟ್ ಹೋದಾಗ ದೀಪ, ಫ್ಯಾನು ಮತ್ತು ಒಂದು ಕಂಪ್ಯೂಟರಿಗೆಂದು 2 ಕೆವಿಎ ಪೆಟ್ರೋಲ್ ಜನರೇಟರ್ ಇಟ್ಟುಕೊಂಡಿದ್ದೇನೆ. ಆರು ತಿಂಗಳಲ್ಲಿ ಮೂರು ಸಲ ಪ್ಲಗ್ ಬದಲಾಯಿಸಿದ್ದಾಯಿತು. ಹೊಸದು ಹಾಕಿದ ದಿನ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ತಿಂಗಳೆರಡು ತಿಂಗಳಲ್ಲಿ ಹಗ್ಗ ಎಳೆದೂ ಎಳೆದೂ ರಟ್ಟೆ ಸೋಲುತ್ತದೆ. ಬಿಚ್ಚಿದರೆ ಪ್ಲಗ್ಗಿನ ತುದಿಯೆಲ್ಲ ಮಸಿ. ಪ್ಲಗ್ಗೇ ಡೂಪ್ಲಿಕೇಟ್ ಎಂದು ಮೆಕ್ಯಾನಿಕ್ ಹೇಳುತ್ತಾರೆ, ಎಂಜಿನ್ ಬೋರಿಗೆ ಬಂದಿದೆ ಎಂದು ಪ್ಲಗ್ ಮಾರಿದವರು ಹೇಳುತ್ತಾರೆ. ಯಾರನ್ನು ನಂಬಲಿ?
(ಓದುಗರು, ಹನುಮಂತನಗರ)

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಪ್ಲಗ್ ನಕಲಿಯಾಗಿದ್ದರೆ ಮೂರು ಪ್ಲಗ್ಗುಗಳೂ ಮೊದಲ ದಿನ ಒಂದೇ ಎಳೆತಕ್ಕೆ ಕೆಲಸ ಮಾಡಿ, ಆಮೇಲೆ ಒಂದೇ ರೀತಿಯಲ್ಲಿ ಕೆಡುವುದು ಅಪರೂಪ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದ್ದರೆ ಪ್ಲಗ್ಗಿನ ಮೇಲೆ ಒಣ ಮಸಿಯ ಬದಲು ಎಣ್ಣೆಯ ಜಿಡ್ಡು ಕೂರುತ್ತದೆ, ಹೊಗೆಕೊಳವೆಯಲ್ಲಿ ನೀಲಿ ಹೊಗೆ ಕಾಣುತ್ತದೆ, ಆಯಿಲ್ ಮಟ್ಟ ಇಳಿಯುತ್ತದೆ. ಈ ಮೂರರಲ್ಲಿ ಯಾವುದನ್ನೂ ನೀವು ಬರೆದಿಲ್ಲ. ಹಾಗಾಗಿ ಮುಂದಿನ ಸಲ ಪ್ಲಗ್ ಬಿಚ್ಚಿದಾಗ ಅದನ್ನು ಒರೆಸುವುದಕ್ಕೂ ಪೆಟ್ರೋಲಿನಲ್ಲಿ ಅದ್ದುವುದಕ್ಕೂ ಮೊದಲು ಬೆಳಕಿಗೆ ಹಿಡಿದು ನೋಡಿ, ತುದಿಯನ್ನು ಬೆರಳಿನಿಂದ ಸವರಿ. ತೊಳೆದುಬಿಟ್ಟ ಪ್ಲಗ್ಗಿನಿಂದ ಯಾರಿಗೂ ಏನೂ ತಿಳಿಯದು.

ಲಾಟೀನಿನ ಗಾಜಿಗೆ ಹಿಡಿಯುವಂಥ ಮೆತ್ತನೆಯ, ಹೊಳಪಿಲ್ಲದ ಒಣ ಮಸಿ ಬೆರಳಿಗೆ ಸುಲಭವಾಗಿ ಅಂಟಿಕೊಂಡರೆ ಅದು ಇಂಗಾಲ. ಪೆಟ್ರೋಲ್ ಪೂರ್ತಿ ಉರಿಯದೆ ಉಳಿಯುತ್ತಿದೆ ಎಂದು ಅದರ ಅರ್ಥ. ಕಪ್ಪಗೆ ಮಿರುಗುತ್ತ, ಒರೆಸಿದರೂ ಹೋಗದ ಜಿಡ್ಡಾಗಿದ್ದರೆ ಅದು ಆಯಿಲ್. ತುದಿ ಒದ್ದೆಯಾಗಿ, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದು, ಗಾಳಿಗೆ ಹಿಡಿದ ಸ್ವಲ್ಪ ಹೊತ್ತಿನಲ್ಲೇ ಒಣಗಿದರೆ ಎಂಜಿನ್ ಓವರ್ ಫ್ಲೋ ಆಗಿದೆ (ಪೆಟ್ರೋಲ್ ಅತಿಯಾಗಿ ತುಂಬಿಕೊಂಡಿದೆ), ಇಲ್ಲವೇ ಕಿಡಿಯೇ ಬಂದಿಲ್ಲ. ಆರೋಗ್ಯವಾಗಿರುವ ಎಂಜಿನ್ನಿನ ಪ್ಲಗ್ಗಿನಲ್ಲಿ ಮಧ್ಯದ ಪಿಂಗಾಣಿಯ ಮೂತಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೋ ತಿಳಿ ಬೂದು ಬಣ್ಣಕ್ಕೋ ತಿರುಗಿರುತ್ತದೆ. ಸುಣ್ಣದಂತೆ ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ ಎಂದು ತಿಳಿಯಬೇಕು. ಅದು ಬೇರೆಯದೇ ಕಾಯಿಲೆ. ನಿಮ್ಮ ಜನರೇಟರಿಗೆ ಸಂಬಂಧಿಸಿದ್ದಲ್ಲ.

ಮಸಿ ಕೂತರೆ ಎಂಜಿನ್ ಏಕೆ ಸ್ಟಾರ್ಟ್ ಆಗುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಇಂಗಾಲದ ಮೂಲಕ ವಿದ್ಯುತ್ ಹರಿಯುತ್ತದೆ. ಮಧ್ಯದ ಕಡ್ಡಿಗೂ ಹೊರಗಿನ ಕಬ್ಬಿಣದ ಕವಚಕ್ಕೂ ನಡುವೆ ಇರುವ ಪಿಂಗಾಣಿಯ ಮೇಲೆ ಮಸಿಯ ಪದರ ಕೂತಾಗ, ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್ ಕಳುಹಿಸಿದ ವಿದ್ಯುತ್ತು ಪ್ಲಗ್ಗಿನ ತುದಿಯ ಗ್ಯಾಪ್ ದಾಟಿ ಕಿಡಿಯಾಗುವುದಕ್ಕೆ ಬೇಕಾದ ಒತ್ತಡಕ್ಕೆ ಏರುವ ಮೊದಲೇ ಆ ಪದರದ ಮೇಲೆ ಸೋರಿ ಕವಚಕ್ಕೆ ಇಳಿದುಬಿಡುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವಾಗ ನಡುವೆ ಪೈಪು ಒಡೆದಿದ್ದರೆ ಮೋಟಾರು ಎಷ್ಟು ಹೊತ್ತು ಓಡಿದರೂ ಟ್ಯಾಂಕು ತುಂಬುವುದಿಲ್ಲವಲ್ಲ, ಹಾಗೆ. ಈ ಮಸಿಯನ್ನು ಸುಟ್ಟುಕೊಳ್ಳುವ ಶಕ್ತಿ ಪ್ಲಗ್ಗಿಗೆ ಇದೆ, ಆದರೆ ಅದಕ್ಕೆ ಪಿಂಗಾಣಿಯ ಮೂತಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅದಕ್ಕಿಂತ ತಣ್ಣಗಿದ್ದರೆ ಮಸಿ ದಿನದಿನಕ್ಕೆ ಬೆಳೆಯುತ್ತದೆ. 850 ಡಿಗ್ರಿಗಿಂತ ಬಹಳ ಮೇಲೆ ಹೋದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹತ್ತಿಕೊಳ್ಳುವ ಅಪಾಯವಿದೆ. ಒಳ್ಳೆಯ ಪ್ಲಗ್ಗಿನ ಬಾಳೆಲ್ಲ ಈ ಎರಡು ಅಂಕಿಗಳ ನಡುವೆ.

ಈಗ ನಿಮ್ಮ ಅಂಗಡಿಗೆ ಬರೋಣ. ದೀಪ, ಫ್ಯಾನು, ಕಂಪ್ಯೂಟರು ಸೇರಿ ಹೆಚ್ಚೆಂದರೆ 300 ವ್ಯಾಟ್ ಆಗಬಹುದು. ಜನರೇಟರಿನ ಶಕ್ತಿಯಲ್ಲಿ ಇದು ಐದನೇ ಒಂದು ಪಾಲೂ ಅಲ್ಲ. 50 ಹರ್ಟ್ಸ್ ವಿದ್ಯುತ್ ಕೊಡಬೇಕಾದ್ದರಿಂದ ಇಂತಹ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು, ಆದರೆ ಹೊರೆ ಇಲ್ಲದೆ ತಿರುಗುವಾಗ ಸಿಲಿಂಡರಿನೊಳಗೆ ಉರಿಯುವ ಪೆಟ್ರೋಲ್ ಅಲ್ಪ, ಹುಟ್ಟುವ ಶಾಖವೂ ಅಲ್ಪ. ಕರೆಂಟ್ ಹತ್ತು ಹದಿನೈದು ನಿಮಿಷದಲ್ಲಿ ವಾಪಸ್ ಬರುತ್ತದೆ, ನೀವು ಜನರೇಟರ್ ನಿಲ್ಲಿಸುತ್ತೀರಿ. ಹೀಗೆ ಪ್ರತಿ ಸಲವೂ ಚೋಕ್ (ಗಾಳಿಯನ್ನು ತಡೆಯುವ ತಟ್ಟೆ) ಎಳೆದು, ಹೆಚ್ಚು ಪೆಟ್ರೋಲ್ ಕುಡಿಸಿ ಸ್ಟಾರ್ಟ್ ಮಾಡುವುದು, ಪ್ಲಗ್ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸುವುದು ನಡೆಯುತ್ತಿದ್ದರೆ, ಜಗತ್ತಿನ ಅತ್ಯುತ್ತಮ ಪ್ಲಗ್ ಹಾಕಿದರೂ ಮಸಿ ಹಿಡಿಯುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಇದರ ಮೇಲೆಯೇ.

ಎರಡನೆಯ ಅನುಮಾನ ಚೋಕ್ ಮೇಲೆ. ಜನರೇಟರನ್ನು ಯಾವಾಗಲೂ ನೀವೇ ಸ್ಟಾರ್ಟ್ ಮಾಡುತ್ತೀರೋ, ಅಂಗಡಿಯ ಹುಡುಗ ಮಾಡುತ್ತಾನೋ ನೋಡಿ. ಚೋಕ್ ಅರ್ಧ ಮುಚ್ಚಿದ್ದರೂ ಇಂತಹ ಎಂಜಿನ್ ಸ್ವಲ್ಪ ಗುಕ್ಕು ಹಾಕುತ್ತ ಓಡುತ್ತಲೇ ಇರುತ್ತದೆ, ಗಿರಾಕಿಗಳ ಗಡಿಬಿಡಿಯಲ್ಲಿ ಲಿವರನ್ನು ಪೂರ್ತಿ ಹಿಂದಕ್ಕೆ ತಳ್ಳುವುದು ಮರೆತುಹೋಗುತ್ತದೆ. ಲಿವರ್ ಸರಿಯಾಗಿ ಸರಿದರೂ ಒಳಗಿನ ತಟ್ಟೆ ಸರಿಯದೆ ಇರುವುದೂ ಉಂಟು, ಆದ್ದರಿಂದ ಏರ್ ಫಿಲ್ಟರ್ ತೆಗೆದು ತಟ್ಟೆ ಪೂರ್ತಿ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಫಿಲ್ಟರ್ ಕೈಗೆ ಬಂದಾಗ ಅದನ್ನೂ ಪರೀಕ್ಷಿಸಿ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಸಿಮೆಂಟಿನ ಧೂಳು ಸ್ಪಂಜಿನಲ್ಲಿ ತುಂಬಿಕೊಂಡು, ಚೋಕ್ ಎಳೆದೇ ಇಟ್ಟಂತಾಗುತ್ತದೆ. ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಚೆನ್ನಾಗಿ ಹಿಂಡಬೇಕು. ಹಿಂಡದೆ ಹಾಕಿದರೆ ಆ ಆಯಿಲ್ಲೇ ಗಾಳಿಗೆ ಅಡ್ಡವಾಗುತ್ತದೆ. ಕಾಗದದ ಫಿಲ್ಟರನ್ನು ತೊಳೆಯಬಾರದು.

ಜನರೇಟರನ್ನು ಮಳಿಗೆಯ ಹಿಂದಿನ ಇಕ್ಕಟ್ಟಿನ ಓಣಿಯಲ್ಲೋ ಶಟರಿನ ಒಳಗೋ ಇಟ್ಟಿದ್ದರೆ ಅದನ್ನು ಇಂದೇ ಬದಲಾಯಿಸಿ. ತಾನು ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುವ ಎಂಜಿನ್ನಿಗೆ ಆಮ್ಲಜನಕ ಸಾಲದೆ ಮಸಿ ಹೆಚ್ಚುತ್ತದೆ ಎಂಬುದು ಸಣ್ಣ ಕಾರಣ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮುಚ್ಚಿದ ಜಾಗದಲ್ಲಿ ಅದು ಗೊತ್ತೇ ಆಗದಂತೆ ಜೀವ ತೆಗೆಯುತ್ತದೆ ಎಂಬುದು ದೊಡ್ಡ ಕಾರಣ.

ನಮ್ಮ ಊರಿಗೇ ಸೇರಿದ ಒಂದು ವಿಷಯವನ್ನೂ ಇಲ್ಲಿ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಆದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಡಿಮೆ ಮಾಡುವುದಿಲ್ಲ. ಸಮುದ್ರಮಟ್ಟಕ್ಕೆ ಹೊಂದಿಸಿದ ಎಂಜಿನ್ ಇಲ್ಲಿ ತುಸು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ ಎಂದಾಯಿತು. ಇದೊಂದರಿಂದಲೇ ಪ್ಲಗ್ ಕೆಡುವುದಿಲ್ಲ, ಅದಕ್ಕೆಂದು ಜೆಟ್ ಬದಲಾಯಿಸಬೇಕಾಗಿಯೂ ಇಲ್ಲ. ಫಿಲ್ಟರ್ ಕಟ್ಟಿಕೊಂಡು, ಹೊರೆಯೂ ಕಡಿಮೆಯಿದ್ದಾಗ ಮಾತ್ರ ಇದೂ ತನ್ನ ಪಾಲನ್ನು ಸೇರಿಸುತ್ತದೆ.

ಕಾರಣ ಯಾವುದೆಂದು ಖಚಿತವಾಗಿ ತಿಳಿಯಲು ಹೀಗೆ ಮಾಡಿ. ಫಿಲ್ಟರ್ ಶುಚಿ ಮಾಡಿ, ಹೊಸ ಪ್ಲಗ್ ಹಾಕಿ, ಚೋಕ್ ಪೂರ್ತಿ ತೆರೆದು, ಕಂಪ್ಯೂಟರು ಮೊದಲಾದವನ್ನೆಲ್ಲ ಬಿಡಿಸಿ, 1000 ವ್ಯಾಟಿನ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಜನರೇಟರಿಗೆ ಸಿಕ್ಕಿಸಿ. ಅದು ಕಾದ ಮೇಲೆ ತಾನೇ ಆರಿಹೋಗದಂತೆ ಒಂದು ಒದ್ದೆ ಬಟ್ಟೆಯನ್ನು ಇಸ್ತ್ರಿ ಮಾಡುತ್ತಲೇ ಇರಬೇಕು. ಕಾಲು ಗಂಟೆಯ ನಂತರ, ಇಸ್ತ್ರಿ ಪೆಟ್ಟಿಗೆ ಕರೆಂಟ್ ಎಳೆಯುತ್ತಿರುವಾಗಲೇ ಎಂಜಿನ್ನಿನ ಸ್ವಿಚ್ ಆಫ್ ಮಾಡಿ. ಹೊರೆ ಇಳಿಸಿ ಐದು ನಿಮಿಷ ಸುಮ್ಮನೆ ಓಡಿಸಿ ನಿಲ್ಲಿಸಿದರೆ ಆ ಐದು ನಿಮಿಷದ ಮಸಿಯನ್ನಷ್ಟೇ ನೀವು ನೋಡುತ್ತೀರಿ. ಪ್ಲಗ್ಗಿನ ಬಣ್ಣ ನೋಡಿ ತಪ್ಪು ತೀರ್ಮಾನಕ್ಕೆ ಬರುವವರಲ್ಲಿ ಅರ್ಧದಷ್ಟು ಜನ ಇಲ್ಲಿಯೇ ಎಡವುತ್ತಾರೆಂದು ನನ್ನ ಅನುಭವ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪ್ಲಗ್ಗಿನ ಸುತ್ತಲಿನ ಧೂಳನ್ನು ಊದಿ, ಬಿಚ್ಚಿ ನೋಡಿ. ಈಗ ಕಾಫಿಯ ಬಣ್ಣ ಬಂದಿದ್ದರೆ ಎಂಜಿನ್ ಸರಿಯಾಗಿದೆ, ನೀವು ಓಡಿಸುವ ರೀತಿಯನ್ನಷ್ಟೇ ತಿದ್ದಿಕೊಳ್ಳಬೇಕು: ಹದಿನೈದು ದಿನಕ್ಕೊಮ್ಮೆ ಇದೇ ರೀತಿ ಅರ್ಧ ಹೊರೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. ಈ ಸಲವೂ ಕಪ್ಪೇ ಬಂದರೆ ತಪ್ಪು ಕಾರ್ಬೊರೇಟರಿನಲ್ಲಿದೆ. ಪೆಟ್ರೋಲ್ ಒಳಬರುವುದನ್ನು ತಡೆಯುವ ಫ್ಲೋಟಿನ ಸೂಜಿ ಸವೆದೋ, ಅದರಡಿ ಕಸ ಸಿಕ್ಕಿಕೊಂಡೋ ಪೆಟ್ರೋಲ್ ಮಟ್ಟ ಏರಿರುತ್ತದೆ; ಜನರೇಟರ್ ನಿಂತಿರುವಾಗಲೂ ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ಜಿನುಗಿದ ಗುರುತು ಇದ್ದರೆ ಇದು ಬಹುಮಟ್ಟಿಗೆ ಖಚಿತ. ಆಗ ಮೆಕ್ಯಾನಿಕ್ ಬಳಿ ಹೋಗಿ, ಫ್ಲೋಟ್ ಸೂಜಿ ನೋಡಬೇಕೆಂದು ನಿರ್ದಿಷ್ಟವಾಗಿ ಹೇಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯಂತೆ, ಈವರೆಗೆ ಮೂರು ಪ್ಲಗ್ಗುಗಳು ಬರೆ ಹಾಕಿಸಿಕೊಂಡಿವೆ.

ಪ್ರಶ್ನೆ: ಮಸಿ ಹಿಡಿದ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿ, ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ಹಾಕುವುದು ನಮ್ಮ ತಂದೆಯವರ ಪದ್ಧತಿ. ಇದು ಸರಿಯೇ?
(ಓದುಗರು, ವಿಜಯನಗರ)

ಉತ್ತರ: ತಂದೆಯವರ ಉದ್ದೇಶ ಸರಿಯಾಗಿದೆ, ವಿಧಾನ ಬೇಡ. ಪ್ಲಗ್ಗಿನ ಮೇಲೆ ಪೆಟ್ರೋಲ್ ಉಳಿದಿದ್ದರೆ ಅಡುಗೆಮನೆಯಲ್ಲಿ ಬೆಂಕಿಯ ಅಪಾಯವಿದೆ, ಒಂದೇ ಕಡೆ ಕಾದ ಪಿಂಗಾಣಿ ಕಣ್ಣಿಗೆ ಕಾಣದಂತೆ ಬಿರುಕು ಬಿಡಬಹುದು. ಉಪ್ಪುಕಾಗದದಿಂದ ಕಿಡಿ ಹಾರುವ ಲೋಹದ ಎಲೆಕ್ಟ್ರೋಡ್‌ಗಳ ತುದಿಯನ್ನು ಲಘುವಾಗಿ ಉಜ್ಜಬಹುದು, ಪಿಂಗಾಣಿಯನ್ನು ಮುಟ್ಟಬಾರದು: ಅದರ ನಯ ಹೋದರೆ ಮಸಿ ಇನ್ನೂ ಬೇಗ ಹಿಡಿಯುತ್ತದೆ. ಕಬ್ಬಿಣದ ತಂತಿಯ ಬ್ರಷ್ ಬಗ್ಗೆ ಹೇಳುವುದಾದರೆ, ಒಮ್ಮೆ ನಾನೇ ಒಂದು ಹಳೆಯ ಪ್ಲಗ್ಗನ್ನು ಅದರಿಂದ ಹೊಳೆಯುವಂತೆ ತಿಕ್ಕಿ, ಮೊದಲಿಗಿಂತಲೂ ಕೆಟ್ಟ ಸ್ಥಿತಿಗೆ ತಂದಿದ್ದೆ. ತಂತಿಯ ಲೋಹ ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂತೆ ಉಳಿದಿತ್ತು. ಆ ಗೆರೆ ಮಸಿಯಂತೆಯೇ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಮರಳು ಊದಿ ಶುಚಿ ಮಾಡುವ ಯಂತ್ರವೂ ಸಣ್ಣ ಎಂಜಿನ್ನಿಗೆ ಒಳ್ಳೆಯದಲ್ಲ, ಏಕೆಂದರೆ ಒಳಗಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣ ಸಾಕು ಸಿಲಿಂಡರಿಗೆ ಗೀರು ಹಾಕಲು. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಲು ಬಿಡಿ. ಒಣ ಮಸಿಗೆ ಇದು ಸಾಕು; ಎಣ್ಣೆ ಕುಡಿದು ಕರಿಗಟ್ಟಿದ ಪ್ಲಗ್ಗನ್ನು ಉಳಿಸಲು ಹೋಗದೆ ಬಿಸಾಡುವುದೇ ಮೇಲು.

ಮತ್ತೆ ಹಾಕುವಾಗ ಫೀಲರ್ ಗೇಜಿನಿಂದ (ಸಂದಿಯ ಅಗಲ ಅಳೆಯುವ ತೆಳು ಪಟ್ಟಿಗಳು) ಗ್ಯಾಪ್ ನೋಡಿ. ಫೋರ್ ಸ್ಟ್ರೋಕ್ ಸಣ್ಣ ಎಂಜಿನ್‌ಗಳಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್, ಟು ಸ್ಟ್ರೋಕ್‌ಗೆ 0.6ರಿಂದ 0.7 ಇರುತ್ತದೆ, ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಅಂತಿಮ. ಮೊದಲ ಮೂರು ನಾಲ್ಕು ಸುತ್ತನ್ನು ಬರಿಗೈಯಲ್ಲೇ ತಿರುಗಿಸಿ. ಪಾನಾ ಹಾಕಿ ಅಡ್ಡಾದಿಡ್ಡಿ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಹೋಗುತ್ತದೆ, ಆ ರಿಪೇರಿಯ ಖರ್ಚಿನಲ್ಲಿ ಒಂದು ಡಬ್ಬಿ ಪ್ಲಗ್ ಬರುತ್ತದೆ. ಪ್ಲಗ್ ತಳಕ್ಕೆ ಕೂತ ಮೇಲೆ, ಹೊಸ ವಾಷರ್ ಇರುವ ಹೊಸ ಪ್ಲಗ್ಗಿಗೆ ಅರ್ಧ ಸುತ್ತು, ಹಳೆಯದಕ್ಕೆ ಎಂಟನೇ ಒಂದರಿಂದ ಕಾಲು ಸುತ್ತು ಬಿಗಿ ಸಾಕು.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಪ್ಲಗ್ಗನ್ನು ಹೊರಗೆ ತೆಗೆದು ಎಂಜಿನ್ನಿಗೆ ತಾಗಿಸಿ ತಿರುಗಿಸಿದಾಗ ಕಿಡಿ ಬರುತ್ತದೆ, ಒಳಗೆ ಹಾಕಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹೊಸ ಪ್ಲಗ್ ಹಾಕಿದರೆ ಆಗುತ್ತದೆ. ಕಿಡಿ ಬಂದ ಮೇಲೆ ಹಳೆಯ ಪ್ಲಗ್ ಚೆನ್ನಾಗಿರಬೇಕಲ್ಲವೇ?
(ಓದುಗರು, ಪೀಣ್ಯ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಎಷ್ಟೋ ವರ್ಷಗಳ ಅನುಭವವುಳ್ಳ ಮೆಕ್ಯಾನಿಕ್‌ಗಳೂ ಈ ಪರೀಕ್ಷೆಯಿಂದ ಮೋಸಹೋಗುತ್ತಾರೆ. ತೆರೆದ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರವನ್ನು ದಾಟಲು ಕಿಡಿಗೆ ಸುಮಾರು 3000 ವೋಲ್ಟ್ ಬೇಕು. ಪಿಸ್ಟನ್ ಮೇಲೆ ಬಂದಾಗ ಅದೇ ಗಾಳಿ ಹಲವು ಪಟ್ಟು ಒತ್ತಾಗಿರುತ್ತದೆ, ದಾಟಬೇಕಾದ ಕಿಡಿಗೆ ಬೇಕಾದ ವೋಲ್ಟೇಜೂ ಅದಕ್ಕೆ ತಕ್ಕಂತೆ ಏರುತ್ತದೆ. ಹೊರಗೆ ಗ್ಯಾಪ್ ಸುಲಭದ ದಾರಿಯಾಗಿದ್ದರಿಂದ ವಿದ್ಯುತ್ತು ಅಲ್ಲಿ ಹಾರಿತು. ಒಳಗೆ ಗ್ಯಾಪ್ ಕಷ್ಟವಾದಾಗ ಮಸಿಯ ಮೇಲಿನ ದಾರಿಯೇ ಸುಲಭವೆನಿಸಿ ಅಲ್ಲಿ ಸೋರಿತು. ಮೆಕ್ಯಾನಿಕ್‌ಗಳು ಪ್ಲಗ್ ಶಾರ್ಟ್ ಆಗಿದೆ ಎನ್ನುವುದು ಇದನ್ನೇ.

ನಿಮ್ಮ ಬಳಿ ಮಲ್ಟಿಮೀಟರ್ ಇರುತ್ತದೆ. ಅದನ್ನು ಅತಿ ಹೆಚ್ಚಿನ ಓಮ್ ಶ್ರೇಣಿಗೆ ಇಟ್ಟು, ಒಂದು ಕಡ್ಡಿಯನ್ನು ಪ್ಲಗ್ಗಿನ ಮೇಲ್ತುದಿಗೂ ಇನ್ನೊಂದನ್ನು ಮರೆಯಿರುವ ಕವಚಕ್ಕೂ ಹಿಡಿಯಿರಿ. ಆರೋಗ್ಯವಾದ ಪ್ಲಗ್ಗಿನಲ್ಲಿ ಮೀಟರ್ ಏನನ್ನೂ ತೋರಿಸಬಾರದು. ಕೆಲವೇ ಮೆಗಾ ಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಮಸಿಯ ದಾರಿ ಬಿದ್ದಿದೆ. ಮೇಲ್ತುದಿಗೂ ಮಧ್ಯದ ಎಲೆಕ್ಟ್ರೋಡ್‌ಗೂ ನಡುವೆ ಅಳೆದಾಗ ಸುಮಾರು 5000 ಓಮ್ ಬಂದರೆ ಗಾಬರಿಯಾಗಬೇಡಿ: ರೇಡಿಯೋ ಗೊಂದಲ ತಪ್ಪಿಸಲು ಅನೇಕ ಪ್ಲಗ್ಗುಗಳಲ್ಲಿ ಒಳಗೇ ರೆಸಿಸ್ಟರ್ ಇಟ್ಟಿರುತ್ತಾರೆ. ಕಾಯಿಲ್ಲಿನ ಶಕ್ತಿಯನ್ನು ಅಳೆಯಬೇಕಾದರೆ ಸುಮಾರು 6 ಮಿಲಿಮೀಟರ್ ಗ್ಯಾಪಿರುವ ಸ್ಪಾರ್ಕ್ ಟೆಸ್ಟರ್ ಬಳಸಿ. ಅಷ್ಟು ದೂರ ನೀಲಿ ಕಿಡಿ ಸದ್ದು ಮಾಡುತ್ತ ಹಾರಿದರೆ ಕಾಯಿಲ್ ಗಟ್ಟಿಯಾಗಿದೆ. ಯಾವ ಪರೀಕ್ಷೆಯಲ್ಲೂ ಪ್ಲಗ್ಗಿನ ರಂಧ್ರವನ್ನು ಬಟ್ಟೆಯಿಂದ ಮುಚ್ಚಿ, ಕಿಡಿಯನ್ನು ಅದರಿಂದ ದೂರವಿಡಿ, ಏಕೆಂದರೆ ಅಲ್ಲಿಂದ ಚಿಮ್ಮುವ ಪೆಟ್ರೋಲ್ ಹಬೆಗೆ ಬೆಂಕಿ ಹತ್ತುತ್ತದೆ. ಪ್ಲಗ್ ಕ್ಯಾಪನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ತೂಗಬಿಟ್ಟು ಎಂಜಿನ್ ತಿರುಗಿಸಬೇಡಿ. ಹೋಗಲು ದಾರಿಯಿಲ್ಲದ ವೋಲ್ಟೇಜ್ ಕಾಯಿಲ್ಲನ್ನೇ ಸುಡಬಹುದು.

ಪ್ರಶ್ನೆ: ನೆಲಮಂಗಲದ ಬಳಿಯ ತೋಟದಲ್ಲಿ ಹುಲ್ಲು ಕತ್ತರಿಸಲು ಟು ಸ್ಟ್ರೋಕ್ ಬ್ರಷ್ ಕಟರ್ ಇದೆ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆಂದು ಕೆಲಸದವರು ಧಾರಾಳವಾಗಿಯೇ ಬೆರೆಸುತ್ತಾರೆ. ಪ್ಲಗ್ ಯಾವಾಗಲೂ ಜಿಡ್ಡಾಗಿ, ಕೆಲವೊಮ್ಮೆ ಗ್ಯಾಪಿನಲ್ಲೇ ಏನೋ ಕಟ್ಟಿಕೊಂಡಿರುತ್ತದೆ.
(ಓದುಗರು, ಯಶವಂತಪುರ)

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ. 50:1 ಎಂದು ಯಂತ್ರದ ಮೇಲೆ ಬರೆದಿದ್ದರೆ ಲೀಟರಿಗೆ 20 ಮಿಲಿಲೀಟರ್, 40:1 ಎಂದಿದ್ದರೆ 25, 25:1 ಎಂದಿದ್ದರೆ 40 ಮಿಲಿಲೀಟರ್ ಟು ಸ್ಟ್ರೋಕ್ ಆಯಿಲ್. ಧಾರಾಳತನ ಬೇಡ, ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜನ್ನು ತಂದು ಕ್ಯಾನಿಗೆ ಕಟ್ಟಿಡಿ. ಹೆಚ್ಚಾದ ಆಯಿಲ್ ಉರಿಯದೆ ಪ್ಲಗ್ಗಿನ ಮೇಲೆ ಕೂರುತ್ತದೆ, ಅದರ ಕರಕು ಗ್ಯಾಪಿನಲ್ಲಿ ಸೇತುವೆಯಂತೆ ಕಟ್ಟಿಕೊಂಡಾಗ ಎಂಜಿನ್ ಓಡುತ್ತಿದ್ದ ಹಾಗೆಯೇ ಫಕ್ಕನೆ ನಿಲ್ಲುತ್ತದೆ. ಕಾರು, ಬೈಕಿನ ಫೋರ್ ಸ್ಟ್ರೋಕ್ ಆಯಿಲ್ಲನ್ನು ಬೆರೆಸುತ್ತಿದ್ದರೆ ಅದನ್ನೂ ನಿಲ್ಲಿಸಿ, ಅದು ಉರಿಯಲೆಂದು ಮಾಡಿದ್ದಲ್ಲ, ಬೂದಿ ಬಿಡುತ್ತದೆ. ಪ್ರಮಾಣ ಸರಿಪಡಿಸಿದ ಮೇಲೂ ಜಿಡ್ಡು ಉಳಿದರೆ ಸೈಲೆನ್ಸರಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನು ತೆಗೆದು ನೋಡಿ. ಅದು ಕಟ್ಟಿಕೊಂಡರೆ ಹೊಗೆ ಹೊರಹೋಗದೆ ಸಿಲಿಂಡರಿನಲ್ಲೇ ಉಳಿದು ಪ್ಲಗ್ ಕೆಡುತ್ತದೆ. ಕೆಲಸದ ನಡುವೆ ಬೀಡಿ ಸೇದಲು ಕೂರುವಾಗ ಯಂತ್ರವನ್ನು ಐಡ್ಲಿಂಗ್‌ನಲ್ಲಿ ಬಿಡುವ ಅಭ್ಯಾಸವಿದ್ದರೆ, ಪ್ಲಗ್ಗಿಗೂ ಬೀಡಿಗೂ ಪೆಟ್ರೋಲಿಗೂ ಸೇರಿಸಿ ಒಂದು ಮಾತು ಹೇಳಬೇಕಾಗುತ್ತದೆ!

ಪ್ರಶ್ನೆ: ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿಯನ್ನು ಇನ್ನೂ ಓಡಿಸುತ್ತಿದ್ದೇನೆ. ಇತ್ತೀಚೆಗೆ ಬಿಳಿ ಹೊಗೆ ಹೆಚ್ಚಾಗಿದೆ, ಪ್ಲಗ್ ನೂರು ಕಿಲೋಮೀಟರ್ ಕೂಡ ಬರುತ್ತಿಲ್ಲ. ಪೆಟ್ರೋಲಿನಲ್ಲಿ ಆಯಿಲ್ ಪ್ರಮಾಣ ಸರಿಯಾಗಿಯೇ ಇದೆ. ಹಳೆಯ ಮೈಕೋ ಪ್ಲಗ್ಗಿನ ಸಂಖ್ಯೆ ಈಗಿನ ಯಾವುದಕ್ಕೂ ಹೊಂದುತ್ತಿಲ್ಲ.
(ಓದುಗರು, ಮಲ್ಲೇಶ್ವರ)

ಉತ್ತರ: ಮೊದಲು ಗೇರ್ ಆಯಿಲ್ ಮಟ್ಟ ನೋಡಿ. ಹೊರಗೆಲ್ಲೂ ಸೋರದೆ ಅದು ಇಳಿಯುತ್ತಿದ್ದರೆ, ಕ್ಲಚ್ ಬದಿಯಲ್ಲಿರುವ ಕ್ರ್ಯಾಂಕಿನ ಆಯಿಲ್ ಸೀಲ್ (ಆಯಿಲ್ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಟು ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿನಲ್ಲೂ ಕ್ರ್ಯಾಂಕಿನ ಕೋಣೆಯಲ್ಲಿ ನಿರ್ವಾತ ಉಂಟುಮಾಡಿ ಕಾರ್ಬೊರೇಟರಿನಿಂದ ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಸೀಲ್ ಹೋದಾಗ ಅದೇ ಎಳೆತಕ್ಕೆ ಗೇರ್ ಆಯಿಲ್ಲೂ ಒಳಗೆ ಬಂದು ಸುಡುತ್ತದೆ. ಎಷ್ಟು ಪ್ಲಗ್ ಹಾಕಿದರೂ ಇದಕ್ಕೆ ಪರಿಹಾರವಿಲ್ಲ. ಸೀಲ್ ಅಗ್ಗ, ಕೂಲಿ ಅಗ್ಗವಲ್ಲ.

ಸಂಖ್ಯೆಯ ಗೊಂದಲಕ್ಕೆ ಕಾರಣವಿದೆ. 1951ರಲ್ಲಿ ಶುರುವಾಗಿ ಆಡುಗೋಡಿಯ ಗುರುತೇ ಆಗಿಬಿಟ್ಟ ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬಾಷ್ ಪದ್ಧತಿಯ ಸಂಖ್ಯೆಗಳನ್ನು ಬಳಸುತ್ತಿತ್ತು. 2008ರಲ್ಲಿ ಅದರ ಹೆಸರೇ ಬಾಷ್ ಲಿಮಿಟೆಡ್ ಎಂದಾಯಿತು. ಡಬ್ಲ್ಯು 175, ಡಬ್ಲ್ಯು 225 ಎಂಬಂಥ ಹಳೆಯ ಮೂರಂಕಿಯ ಪದ್ಧತಿಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದು. ಬಾಷ್‌ನ ಈಗಿನ ಸಣ್ಣ ಅಂಕಿಗಳಲ್ಲಿ ಇದು ತಿರುವುಮುರುವು: ಅಂಕಿ ದೊಡ್ಡದಾದಷ್ಟೂ ಪ್ಲಗ್ ಬಿಸಿ. ಚಾಂಪಿಯನ್ ಪ್ಲಗ್ಗುಗಳಲ್ಲೂ ದೊಡ್ಡ ಅಂಕಿ ಎಂದರೆ ಬಿಸಿ, ಎನ್‌ಜಿಕೆಯಲ್ಲಿ ದೊಡ್ಡ ಅಂಕಿ ಎಂದರೆ ತಣ್ಣನೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬರೀ ಅಂಕಿ ಹೋಲಿಸಿ ಬೇರೆ ಕಂಪನಿಯ ಪ್ಲಗ್ ಕೊಂಡರೆ ಉಲ್ಟಾ ಆಗುವುದು ಹೀಗೆ. ಹೊಂದಾಣಿಕೆಯ ಪಟ್ಟಿ ತೋರಿಸಲು ಅಂಗಡಿಯವರನ್ನು ಕೇಳಿ, ಮರೆಯ ಉದ್ದವನ್ನೂ ಹಳೆಯ ಪ್ಲಗ್ಗಿನ ಪಕ್ಕದಲ್ಲಿಟ್ಟು ನೋಡಿ. ಉದ್ದವಾದ ಪ್ಲಗ್ ಪಿಸ್ಟನ್ನಿಗೆ ತಾಗಬಹುದು. ಮಸಿ ತಪ್ಪಿಸಲೆಂದು ಬಿಸಿ ಪ್ಲಗ್ ಹಾಕುವ ಸಲಹೆ ಯಾರಾದರೂ ಕೊಟ್ಟರೆ, ಸೀಲ್ ಬದಲಾಯಿಸುವವರೆಗೆ ಅದನ್ನು ಕೇಳಬೇಡಿ. ಆಯಿಲ್ ನಿಂತ ಮರುದಿನದಿಂದ ಅದೇ ಪ್ಲಗ್ ಪಿಸ್ಟನ್ನನ್ನು ಸುಡಲು ಶುರುಮಾಡುತ್ತದೆ.

ಪ್ರಶ್ನೆ: ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಪ್ಲಗ್ ಬೇಗ ಕಪ್ಪಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ?
(ಓದುಗರು, ಜಯನಗರ)

ಉತ್ತರ: ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, ಆದ್ದರಿಂದ ಈ ದೂರು ಇಲ್ಲಿ ಕೇಳಿಬರುವುದು ಸಹಜ. ಆದರೆ ಎಥೆನಾಲಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ ಇದೆ. ಕಾರ್ಬೊರೇಟರ್ ಎಂಜಿನ್ನಿನಲ್ಲಿ ಅದು ಮಿಶ್ರಣವನ್ನು ತೆಳುವಾಗಿಸುತ್ತದೆ, ಮಸಿಯನ್ನು ಕಡಿಮೆಯೇ ಮಾಡಬೇಕು. ತೊಂದರೆ ಕೊಡುವುದು ಅದು ಹೀರಿಕೊಳ್ಳುವ ನೀರು. ತಿಂಗಳುಗಟ್ಟಲೆ ನಿಂತ ಯಂತ್ರದಲ್ಲಿ ನೀರು ಎಥೆನಾಲ್ ಜೊತೆ ಬೇರ್ಪಟ್ಟು ಕಾರ್ಬೊರೇಟರಿನ ತಳದಲ್ಲಿ ಕೂತು, ಫ್ಲೋಟಿನ ಸೂಜಿಯನ್ನು ತುಕ್ಕು, ಪಾಚಿಯಂಥ ಕೊಳೆಯಿಂದ ಅಂಟಿಸುತ್ತದೆ. ಸೂಜಿ ಮುಚ್ಚಿಕೊಳ್ಳದೆ ಓವರ್ ಫ್ಲೋ ಆದಾಗ ಪ್ಲಗ್ ಒದ್ದೆಯಾಗುತ್ತದೆ. ಯಂತ್ರವನ್ನು ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಿಸುವುದಿದ್ದರೆ ಟ್ಯಾಂಕಿನ ಪೆಟ್ರೋಲ್ ತೆಗೆದು, ಕೊನೆಯಲ್ಲಿ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಸ್ಕೂಟರ್‌ಗಳು ಹೆಚ್ಚಾಗಿ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರುವಂಥವು. ಅವುಗಳಲ್ಲಿ ಪೆಟ್ರೋಲಿನ ಪ್ರಮಾಣವನ್ನು ಸೆನ್ಸರ್ ನಿರ್ಧರಿಸುತ್ತದೆ. ನಿಮ್ಮದು ಅಂಥ ಸ್ಕೂಟರ್ ಆಗಿದ್ದು ಪ್ಲಗ್ ಕಪ್ಪಾಗುತ್ತಿದ್ದರೆ, ಏರ್ ಫಿಲ್ಟರ್ ನೋಡಿದ ನಂತರ ಸ್ಕ್ಯಾನರ್ ಇರುವ ಸರ್ವೀಸ್ ಸೆಂಟರಿಗೇ ಒಯ್ಯಿರಿ.